ಕಾಗದದ ಜೇಡ, ಗದ್ದೆಯ ಜೇಡ

(ಮಲೆನಾಡಿನ ಹಳ್ಳಿಯೊಂದರ ಶಾಲೆಯಲ್ಲಿ ದಸರಾ ರಜೆಯಲ್ಲಿ ನಡೆದ ಮಕ್ಕಳ ಪರಿಸರ ಶಿಬಿರದ ಕೊನೆಯ ದಿನ, ಊರವರ ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಈ ಜಗಲಿಯ ಜಂತಿಯುದ್ದಕ್ಕೂ ದಾರದಲ್ಲಿ ತೂಗುತ್ತಿರುವ ಕಾಗದದ ಜೇಡಗಳನ್ನು ತಾವೆಲ್ಲರೂ ಒಳಗೆ ಬರುವಾಗಲೇ ನೋಡಿದ್ದೀರಿ. ಕೆಲವರು ದಾರ ಎಳೆದೂ ನೋಡಿದಿರಿ. ಎಡದ ದಾರವನ್ನೊಮ್ಮೆ, ಬಲದ ದಾರವನ್ನೊಮ್ಮೆ ಎಳೆದರೆ ಜೇಡ ಮೆಲ್ಲಗೆ ಮೇಲೇರುತ್ತದೆ. ಬಿಟ್ಟರೆ ಸರ್ರನೆ ಇಳಿಯುತ್ತದೆ. ಇಳಿಯುವಾಗ ಅದರ ಎಂಟು ಕಾಲುಗಳೂ ನಡುಗುತ್ತವೆ. ಅದನ್ನು ಕಂಡು ನಕ್ಕವರಲ್ಲಿ ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ಎಂಬುದನ್ನು ನಾನು ಗಮನಿಸಿದ್ದೇನೆ.

ಶಿಬಿರದ ಮೊದಲ ದಿನ ಹಿರಿಯರೊಬ್ಬರು ನನ್ನನ್ನು ಬದಿಗೆ ಕರೆದು ಕೇಳಿದರು: “ಅಲ್ಲ ಮಾರಾಯ್ರೇ, ಕಾಡು ಉಳಿಸಬೇಕು, ಹೊಳೆ ಉಳಿಸಬೇಕು ಅಂತ ಊರೂರು ತಿರುಗುವವರು ನೀವು. ಈಗ ನೋಡಿದರೆ ಮಕ್ಕಳ ಜೊತೆ ಕಾಗದ ಕತ್ತರಿಸುತ್ತಾ ಕೂತಿದ್ದೀರಿ. ಇದರಿಂದ ಏನು ಉಳಿಯುತ್ತದೆ?” ಪ್ರಶ್ನೆ ನ್ಯಾಯವಾದದ್ದು. ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಇಂದಿನ ನನ್ನ ಮಾತೆಲ್ಲವೂ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೇ.

ನಾನು ಕಲಿಸಿದ ಆರು ಕಾಲಿನ ಜೇಡ

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಹಲವು ವರ್ಷಗಳ ಹಿಂದೆ ಬೇರೊಂದು ಶಾಲೆಯಲ್ಲಿ ಮೊದಲ ಬಾರಿಗೆ ಮಕ್ಕಳಿಂದ ಕಾಗದದ ಜೇಡ ಮಾಡಿಸಲು ಹೊರಟಾಗ ನನ್ನ ಕೈಯಲ್ಲಿ ಒಂದು ಮುದ್ರಿತ ಹಾಳೆಯಿತ್ತು. ಅದರಲ್ಲಿ ಒಂದು ದುಂಡನೆಯ ದೇಹ, ಅದರ ಸುತ್ತ ಮೂರು ಮತ್ತು ಮೂರು ಕಾಲುಗಳು, ಮೇಲೆ ನಗುವ ಮುಖ. ನಾನು ಅದನ್ನೇ ಹಲಗೆಯ ಮೇಲೆ ಬರೆದೆ. ಮಕ್ಕಳು ಅದನ್ನೇ ಕತ್ತರಿಸತೊಡಗಿದರು. ಹಿಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ಕತ್ತರಿ ಕೆಳಗಿಟ್ಟು ಸುಮ್ಮನೆ ಕುಳಿತಿದ್ದಳು. ಏಕೆಂದು ಕೇಳಿದೆ.

“ಸಾರ್, ನಮ್ಮ ಗದ್ದೆ ಜೇಡಕ್ಕೆ ಎಂಟು ಕಾಲು. ಎಲ್ಲಾ ಮುಂದಿನ ತುಂಡಿಗೇ ಇರ್ತವೆ. ಹಿಂದಿನದು ಬರೀ ಹೊಟ್ಟೆ,” ಎಂದಳು.

ಅವಳ ತಾಯಿ ಗದ್ದೆಯಲ್ಲಿ ಕಳೆ ಕೀಳುವ ಕೆಲಸಕ್ಕೆ ಹೋಗುತ್ತಿದ್ದರು. ರಜೆಯ ದಿನ ತಾಯಿಯ ಹಿಂದೆ ಹೋಗಿ ಅಂಚಿನ ಮೇಲೆ ಕುಳಿತು ಆಕೆ ಜೇಡಗಳನ್ನು ನೋಡಿದ್ದಳು. ನಾನು ಪದವಿ ಪಡೆದವನು; ಆದರೆ ಜೇಡದ ಮುಂದೆ ಐದು ನಿಮಿಷ ಕುಳಿತವನಲ್ಲ. ಅಂದು ಮಧ್ಯಾಹ್ನ ಶಾಲೆಯ ಗೋಡೆಯ ಮೇಲಿದ್ದ ಜೇಡವೊಂದನ್ನು ಎಲ್ಲರೂ ಸೇರಿ ನೋಡಿದೆವು. ಹುಡುಗಿಯ ಮಾತು ಅಕ್ಷರಶಃ ನಿಜವಾಗಿತ್ತು. ಜೇಡದ ದೇಹದಲ್ಲಿ ಎರಡೇ ಭಾಗ. ತಲೆ ಮತ್ತು ಎದೆ ಕೂಡಿಕೊಂಡ ಮುಂಭಾಗ ಒಂದು, ಹೊಟ್ಟೆಯ ಹಿಂಭಾಗ ಇನ್ನೊಂದು; ನಡುವೆ ಬಹು ಸಪೂರವಾದ ಸೊಂಟ. ಎಂಟು ಕಾಲುಗಳೂ ಮುಂಭಾಗದಿಂದಲೇ ಹೊರಡುತ್ತವೆ. ಕೀಟಗಳಿಗಾದರೆ ದೇಹದಲ್ಲಿ ಮೂರು ಭಾಗ, ಆರು ಕಾಲು, ತಲೆಯ ಮೇಲೆ ಎರಡು ಮೀಸೆ. ಜೇಡಕ್ಕೆ ಮೀಸೆಯೂ ಇಲ್ಲ, ರೆಕ್ಕೆಯೂ ಇಲ್ಲ. ನಾವು ರೂಢಿಯಲ್ಲಿ ‘ಹುಳು’ ಎನ್ನುತ್ತೇವಾದರೂ ಅದು ಕೀಟವಲ್ಲ. ಚೇಳು, ಉಣ್ಣೆಗಳ ಬಳಗಕ್ಕೆ ಸೇರಿದ್ದು.

ಅಂದಿನಿಂದ ನಾನು ಕ್ರಮವನ್ನು ಬದಲಿಸಿದೆ. ಮೊದಲು ನೋಡುವುದು, ಆಮೇಲೆ ಮಾಡುವುದು, ಮಾಡಿದ ಮೇಲೆ ಮತ್ತೆ ಹೋಗಿ ನೋಡುವುದು. ಈ ಮೂರರಲ್ಲಿ ಯಾವುದನ್ನು ಬಿಟ್ಟರೂ ಕಾಗದದ ಜೇಡ ಬರಿಯ ಆಟಿಕೆಯಾಗಿ ಉಳಿಯುತ್ತದೆ.

ಮೊದಲು ನೋಡುವುದು

ಈ ಬಾರಿಯೂ ಮೊದಲ ದಿನ ಕತ್ತರಿಯನ್ನು ಹೊರಗೆ ತೆಗೆಯಲಿಲ್ಲ. ಬೆಳಗ್ಗೆ ಇಬ್ಬನಿ ಆರುವ ಮುನ್ನ ಮಕ್ಕಳನ್ನು ಕರೆದುಕೊಂಡು ಗದ್ದೆಯ ಕಡೆಗೆ ನಡೆದೆವು. ನಿಯಮಗಳು ಮೂರೇ: ಬರಿಗೈಯಲ್ಲಿ ಮುಟ್ಟಬಾರದು, ಬಲೆಯನ್ನು ಹರಿಯಬಾರದು, ಕಂಡದ್ದನ್ನು ಎಣಿಸಿ ಬರೆಯಬೇಕು.

ದಸರೆಯ ಹೊತ್ತಿಗೆ ನಮ್ಮ ಮಲೆನಾಡು ಜೇಡಗಳ ನಾಡಾಗಿರುತ್ತದೆ. ತೆನೆ ಕಟ್ಟುವ ಬತ್ತದ ಬುಡದಲ್ಲಿ, ನೀರಿನಿಂದ ಒಂದೆರಡು ಗೇಣು ಮೇಲೆ, ಮಾಸಲು ಕಂದು ಬಣ್ಣದ ಜೇಡವೊಂದು ಓಡಾಡುತ್ತದೆ. ಇದು ಬಲೆ ಕಟ್ಟಿ ಕಾಯುವ ಜಾತಿಯಲ್ಲ, ಬೆನ್ನಟ್ಟಿ ಹಿಡಿಯುವ ಜಾತಿ. ಅದಕ್ಕೇ ತೋಳ ಜೇಡ ಎಂದು ಹೆಸರು. ಇದರ ಹೆಣ್ಣು ಮೊಟ್ಟೆಯ ಚೀಲವನ್ನು ದೇಹದ ತುದಿಗೆ ಅಂಟಿಸಿಕೊಂಡೇ ತಿರುಗುತ್ತದೆ. ಮರಿಗಳು ಹೊರಬಂದ ಮೇಲೆ ಅವನ್ನೆಲ್ಲ ಬೆನ್ನ ಮೇಲೆ ಹೊತ್ತುಕೊಂಡು ಕೆಲವು ದಿನ ಸಾಕುತ್ತದೆ. “ಅಮ್ಮನ ಬೆನ್ನ ಮೇಲೆ ಎಷ್ಟೊಂದು ಮಕ್ಕಳು!” ಎಂದು ಮೂರನೆಯ ತರಗತಿಯ ಪುಟಾಣಿಯೊಬ್ಬಳು ಕೂಗಿದಾಗ, ಅದುವರೆಗೆ ಹೆದರಿ ದೂರ ನಿಂತಿದ್ದವರೂ ಬಗ್ಗಿ ನೋಡಿದರು.

ಅಂಚಿನ ಗಿಡಗಳ ನಡುವೆ ಇನ್ನೊಂದು ಜೇಡ ಕಂಡಿತು. ತನ್ನ ಬಲೆಯ ನಡುವೆ ಬಿಳಿಯ ದಪ್ಪ ನೂಲಿನಿಂದ ಅಂಕುಡೊಂಕಾಗಿ ಗುಣಿಸು ಚಿಹ್ನೆಯಂತೆ ಬರೆದು, ಅದರ ಮೇಲೆ ಎರಡೆರಡು ಕಾಲು ಜೋಡಿಸಿ ತಲೆಕೆಳಗಾಗಿ ಕುಳಿತಿತ್ತು. ಬಲೆಗೆ ರುಜು ಹಾಕಿದಂತೆ ಕಾಣುವುದರಿಂದ ಇದನ್ನು ಸಹಿ ಜೇಡ ಎನ್ನುವವರಿದ್ದಾರೆ. ಹೀಗೆ ಕುಳಿತಾಗ ನಾಲ್ಕೇ ಕಾಲಿನ ಪ್ರಾಣಿಯಂತೆ ತೋರುತ್ತದೆ. ಹತ್ತಿರ ಹೋಗಿ ಎಣಿಸಿದವರಿಗೆ ಮಾತ್ರ ಎಂಟು ಸಿಗುತ್ತದೆ. ತೋಟಕ್ಕೆ ಇಳಿಯುವ ದಾರಿಯಲ್ಲಿ, ಎರಡು ಅಡಿಕೆ ಮರಗಳ ನಡುವೆ, ಬಿಸಿಲಿಗೆ ಹೊಂಬಣ್ಣದಲ್ಲಿ ಹೊಳೆಯುವ ನೂಲಿನ ದೊಡ್ಡ ಬಲೆಯಿತ್ತು. ನಡುವೆ ಅಂಗೈಯಗಲ ಕಾಲು ಚಾಚಿದ ಹೆಣ್ಣು ಜೇಡ. ಬಲೆಯ ಅಂಚಿನಲ್ಲಿ ಅದರ ಗಂಡು, ಅಕ್ಕಿಕಾಳಿನಷ್ಟು. ಇಷ್ಟು ದೊಡ್ಡ ಹೆಣ್ಣಿಗೆ ಇಷ್ಟು ಸಣ್ಣ ಗಂಡು ಎಂದರೆ ಮಕ್ಕಳು ನಂಬಲಿಲ್ಲ. ಅದು ಮರಿಯೆಂದೇ ವಾದಿಸಿದರು.

ಎಣಿಕೆಯಲ್ಲಿ ಒಂದು ಜಗಳವೂ ನಡೆಯಿತು. ಒಬ್ಬ ಹುಡುಗ ಹತ್ತು ಕಾಲು ಎಂದ. ಮಿಕ್ಕವರು ನಕ್ಕರು. ಆದರೆ ಅವನ ಕಣ್ಣು ತಪ್ಪಿರಲಿಲ್ಲ. ಜೇಡದ ಬಾಯಿಯ ಬಳಿ ಗಿಡ್ಡ ಕಾಲುಗಳಂತೆ ಕಾಣುವ ಇನ್ನೆರಡು ಅಂಗಗಳಿರುತ್ತವೆ. ಅವು ನಡೆಯುವುದಕ್ಕಲ್ಲ, ಮುಟ್ಟಿ ತಿಳಿಯುವುದಕ್ಕೆ, ಬೇಟೆಯನ್ನು ಹಿಡಿದುಕೊಳ್ಳುವುದಕ್ಕೆ. ಎಂಟು ಎಂದು ಪುಸ್ತಕ ಓದಿ ಹೇಳಿದವನಿಗಿಂತ ಹತ್ತು ಎಂದು ನೋಡಿ ಹೇಳಿದವನು ಒಂದು ಹೆಜ್ಜೆ ಮುಂದಿದ್ದ ಎಂದು ನಾನು ಎಲ್ಲರೆದುರು ಹೇಳಿದೆ.

ಮಾಡುವ ಬಗೆ

ಎರಡನೆಯ ದಿನ ಕತ್ತರಿ ಹೊರಬಂದಿತು. ಮನೆಗೆ ಹೋಗಿ ಮತ್ತೆ ಮಾಡಬೇಕೆನ್ನುವವರಿಗಾಗಿ ವಿಧಾನವನ್ನು ವಿವರವಾಗಿ ಹೇಳುತ್ತೇನೆ. ಪೇಟೆಯಿಂದ ಏನನ್ನೂ ತರಬೇಕಿಲ್ಲ. ಪ್ಲಾಸ್ಟಿಕ್ ಕಣ್ಣು, ಥರ್ಮಾಕೋಲ್ ಚೆಂಡು, ಹೊಳೆಯುವ ತಂತಿ ಯಾವುದೂ ಬೇಡ. ಹೀರುಕೊಳವೆ ಬೇಕೆಂದು ಕೆಲವು ಪುಸ್ತಕಗಳಲ್ಲಿದೆ. ಪ್ಲಾಸ್ಟಿಕ್ ಹೀರುಕೊಳವೆಗಳು 2022ರ ಜುಲೈ 1ರಿಂದ ನಮ್ಮ ದೇಶದಲ್ಲಿ ನಿಷಿದ್ಧ. ಅವಿಲ್ಲದೆಯೂ ಕೆಲಸ ನಡೆಯುತ್ತದೆ.

ಬೇಕಾದದ್ದು ಇಷ್ಟು: ಹಳೆಯ ಮದುವೆ ಕರೆಯೋಲೆಯ ದಪ್ಪ ಕಾಗದ, ಬರೆದು ಮುಗಿದ ನೋಟುಪುಸ್ತಕದ ಹಾಳೆಗಳು, ಎರಡು ಮಾರು ನಯವಾದ ಹತ್ತಿಯ ದಾರ, ಒಂದು ಕತ್ತರಿ, ಅಂಟಿಗೆ ಮೈದಾ ಗಂಜಿ ಅಥವಾ ಅನ್ನದ ಅಗುಳು.

ಮೊದಲು ಕರೆಯೋಲೆಯಿಂದ ಎರಡು ತುಂಡು ಕತ್ತರಿಸಬೇಕು. ಮುಂಭಾಗಕ್ಕೆ ನಾಲ್ಕು ಬೆರಳಗಲದ ದುಂಡು ತುಂಡು. ಹಿಂಭಾಗಕ್ಕೆ ಅದಕ್ಕಿಂತ ಕೊಂಚ ದೊಡ್ಡದಾದ ಮೊಟ್ಟೆಯಾಕಾರದ ತುಂಡು. ಎರಡನ್ನೂ ಅಂಚಿನಲ್ಲಿ ಮಾತ್ರ ಅಂಟಿಸಬೇಕು. ಆ ಸಪೂರವಾದ ಜೋಡಣೆಯೇ ಜೇಡದ ಸೊಂಟ. 

ಮುಂದಿನದು ಕಾಲುಗಳು. ನೋಟುಪುಸ್ತಕದ ಹಾಳೆಯನ್ನು ಉದ್ದಕ್ಕೆ ಮೂರು ಪದರ ಮಡಿಸಿ, ಬೆರಳಗಲದ, ಒಂದು ಗೇಣು ಉದ್ದದ ನಾಲ್ಕು ಪಟ್ಟಿಗಳನ್ನು ಮಾಡಿಕೊಳ್ಳಬೇಕು. ನಾಲ್ಕನ್ನೂ ಮುಂಭಾಗದ ಅಡಿಯಲ್ಲಿ ಅಡ್ಡಲಾಗಿ, ಒಂದರ ಹಿಂದೆ ಒಂದರಂತೆ ಅಂಟಿಸಿದರೆ ಆ ಕಡೆ ನಾಲ್ಕು, ಈ ಕಡೆ ನಾಲ್ಕು. ಎಂಟು ಬಿಡಿ ಕಾಲು ಅಂಟಿಸುವ ರಗಳೆಯಿಲ್ಲ; ನಾಲ್ಕು ಎರಡಲೆ ಎಂಟು ಎಂಬ ಮಗ್ಗಿಯೂ ಕೈಗೆ ಬರುತ್ತದೆ. ಪ್ರತಿ ಕಾಲನ್ನೂ ದೇಹದ ಬಳಿ ಮೇಲಕ್ಕೆ, ನಡುವೆ ಕೆಳಕ್ಕೆ, ತುದಿಯಲ್ಲಿ ತುಸು ಹೊರಕ್ಕೆ ಮಡಿಸಬೇಕು. ನಿಜವಾದ ಜೇಡದ ಕಾಲಿನಲ್ಲಿ ಏಳು ಗೆಣ್ಣುಭಾಗಗಳಿರುತ್ತವೆ. ದೊಡ್ಡ ಮಕ್ಕಳು ಏಳು ಭಾಗ ಬರುವಂತೆ ಆರು ಮಡಿಕೆ ಹಾಕಲಿ. ಚಿಕ್ಕವರಿಗೆ ಮೂರು ಮಡಿಕೆ ಸಾಕು.

ಇನ್ನು ಚಲನೆಯ ಗುಟ್ಟು. ತೆಂಗಿನ ಪೊರಕೆಯ ಕಡ್ಡಿಯೊಂದಕ್ಕೆ ಕಾಗದವನ್ನು ಸುತ್ತಿ ಅಂಟಿಸಿ, ಕಡ್ಡಿಯನ್ನು ಹೊರಕ್ಕೆಳೆದರೆ ಸಣ್ಣ ಕೊಳವೆ ಸಿಗುತ್ತದೆ. ದಾರ ಸಲೀಸಾಗಿ ಹೋಗುವಷ್ಟು ತೂತಿದ್ದರೆ ಆಯಿತು. ಎರಡು ಬೆರಳುದ್ದದ ಇಂಥ ಎರಡು ಕೊಳವೆಗಳನ್ನು ಜೇಡದ ಅಡಿಭಾಗದಲ್ಲಿ, ಮನೆಯ ಮಾಡಿನಂತೆ ಓರೆಯಾಗಿ, ಮೇಲಿನ ತುದಿಗಳು ಹತ್ತಿರ, ಕೆಳಗಿನ ತುದಿಗಳು ದೂರ ಬರುವಂತೆ ಅಂಟಿಸಬೇಕು. ಅಂಟು ಪೂರ್ತಿ ಒಣಗಲಿ. ಆಮೇಲೆ ದಾರವನ್ನು ಒಂದು ಕೊಳವೆಯೊಳಗೆ ಕೆಳಗಿನಿಂದ ಮೇಲಕ್ಕೆ ತಂದು, ಇನ್ನೊಂದರೊಳಗೆ ಮೇಲಿನಿಂದ ಕೆಳಕ್ಕೆ ಇಳಿಸಬೇಕು. ಮೇಲೆ ಉಳಿಯುವ ದಾರದ ಕುಣಿಕೆಯನ್ನು ಮೊಳೆಗೆ ತೂಗುಹಾಕಬೇಕು. ಕೆಳಗಿನ ಎರಡು ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು, ತುಸು ಅಗಲಿಸಿ, ಒಂದಾದ ಮೇಲೊಂದರಂತೆ ಎಳೆದರೆ ಜೇಡ ಏರತೊಡಗುತ್ತದೆ.

ಕೆಲವರ ಜೇಡ ಏರಲಿಲ್ಲ. ಒಬ್ಬರದು ಕೊಳವೆಗಳು ನೆಟ್ಟಗಿದ್ದವು. ಇನ್ನೊಬ್ಬರು ದಾರಕ್ಕೆ ಅಂಟು ತಾಗಿಸಿದ್ದರು. ಮತ್ತೊಬ್ಬರ ಕಾಗದ ತೀರ ಹಗುರವಾಗಿದ್ದರಿಂದ ಜೇಡ ಮೇಲೇರಿದರೂ ಕೆಳಗಿಳಿಯಲೊಲ್ಲದು. ಅದರ ಹೊಟ್ಟೆಗೆ ಇನ್ನೊಂದು ಕರೆಯೋಲೆಯ ತುಂಡು ಅಂಟಿಸಿದ ಮೇಲೆ ಇಳಿಯಿತು. ಏಕೆ ಏರುತ್ತದೆ ಎಂಬುದನ್ನು ನಾನು ಹೇಳಿಕೊಡಲಿಲ್ಲ. ಓರೆಯಾದ ಕೊಳವೆಯಲ್ಲಿ ದಾರ ಉಜ್ಜಿಕೊಂಡು ಒಂದು ಬದಿ ಹಿಡಿದು ನಿಲ್ಲುತ್ತದೆ, ಆಗ ಇನ್ನೊಂದು ಬದಿ ಕೊಂಚ ಮೇಲೇರುತ್ತದೆ ಎಂಬುದನ್ನು ಏಳನೆಯ ತರಗತಿಯ ಇಬ್ಬರು ಅರ್ಧ ಗಂಟೆ ದಾರ ಎಳೆದು ತಾವೇ ಕಂಡುಕೊಂಡರು. ಘರ್ಷಣೆ ಎಂಬ ಪಾಠ ಅವರಿಗೆ ಇನ್ನು ಮರೆಯುವುದಿಲ್ಲ.

ಹೀಗೆ ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಹಾದಿ ನನ್ನದಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕೈಯಾರೆ ಮಾಡಿ ವಿಜ್ಞಾನ ಕಲಿಯುವ ಪ್ರಯೋಗ ಆರಂಭವಾಯಿತು. ಕಾನ್ಪುರದ ಐಐಟಿಯಲ್ಲಿ ಓದಿದ ಅರವಿಂದ ಗುಪ್ತಾ ಅವರು ಆ ಪ್ರಯೋಗದಿಂದ ಪ್ರೇರಿತರಾಗಿ, ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬು, ಹಳೆಯ ಕಾಗದಗಳಿಂದ ನೂರಾರು ಆಟಿಕೆಗಳನ್ನು ರೂಪಿಸಿ ದೇಶದ ಮಕ್ಕಳಿಗೆ ಹಂಚಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ನಮ್ಮಲ್ಲೇ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕೈಗೂ ಕಣ್ಣಿಗೂ ಕೆಲಸ ಕೊಡುವ ಶಿಕ್ಷಣದ ಪ್ರಯೋಗವನ್ನು ಸ್ವಾತಂತ್ರ್ಯಕ್ಕೂ ಮೊದಲೇ ಮಾಡಿದ್ದರು. ನಾವು ಆ ದಾರಿಯಲ್ಲಿ ಹಿಂದಿನಿಂದ ಬಂದವರು.

ಎಂಟು ಕಾಲಲ್ಲಿ ನಡೆಯುವುದು

ಕಾಗದದ ಜೇಡ ಏರುವುದು ದಾರದ ಬಲದಿಂದ. ನಿಜವಾದ ಜೇಡ ನಡೆಯುವುದು ಹೇಗೆ? ಇದಕ್ಕಾಗಿ ಅಂಗಳದಲ್ಲಿ ಒಂದು ಆಟ ಆಡಿದೆವು. ನಾಲ್ವರು ಮಕ್ಕಳು ಒಬ್ಬರ ಸೊಂಟವನ್ನೊಬ್ಬರು ಹಿಡಿದು ಸಾಲಾಗಿ ನಿಂತರೆ ಎಂಟು ಕಾಲಿನ ಜೇಡ. ಎಲ್ಲರೂ ಬಲಗಾಲನ್ನು ಒಟ್ಟಿಗೆ ಎತ್ತಿದಾಗ ಸಾಲು ಒಂದು ಪಕ್ಕಕ್ಕೆ ವಾಲಿತು. ಬಳಿಕ ಮೊದಲನೆಯ ಮತ್ತು ಮೂರನೆಯ ಮಕ್ಕಳು ಬಲಗಾಲನ್ನು, ಎರಡನೆಯ ಮತ್ತು ನಾಲ್ಕನೆಯವರು ಎಡಗಾಲನ್ನು ಎತ್ತಿದರು. ಮುಂದಿನ ಹೆಜ್ಜೆಗೆ ಅದಲುಬದಲು. ಸಾಲು ಅಲುಗದೆ ನಡೆಯಿತು. ಜೇಡಗಳು ಸಾಮಾನ್ಯವಾಗಿ ನಡೆಯುವುದೂ ಹೀಗೆಯೇ. ನಾಲ್ಕು ಕಾಲು ನೆಲದ ಮೇಲೆ, ನಾಲ್ಕು ಕಾಲು ಗಾಳಿಯಲ್ಲಿ.

ಇನ್ನೊಂದು ವಿಸ್ಮಯವಿದೆ. ನಮ್ಮ ಕಾಲನ್ನು ಮಡಿಸಲು ಒಂದು ಸ್ನಾಯು, ಚಾಚಲು ಇನ್ನೊಂದು. ಜೇಡದ ಕಾಲಿನ ಮುಖ್ಯವಾದ ಎರಡು ಗೆಣ್ಣುಗಳಲ್ಲಿ ಮಡಿಸುವ ಸ್ನಾಯು ಉಂಟು. ಚಾಚುವ ಸ್ನಾಯು ಇಲ್ಲ. ದೇಹದೊಳಗಿನ ದ್ರವವನ್ನು ಒತ್ತಡದಿಂದ ಕಾಲಿಗೆ ನುಗ್ಗಿಸಿ ಅದು ಕಾಲು ಚಾಚುತ್ತದೆ. ಜಾತ್ರೆಯಲ್ಲಿ ಮಾರುವ ಸುರುಳಿ ಪೀಪಿಯನ್ನು ನೆನಪು ಮಾಡಿಕೊಳ್ಳಿ. ಊದಿದರೆ ಉದ್ದಕ್ಕೆ ಚಾಚಿಕೊಳ್ಳುತ್ತದೆ, ಉಸಿರು ಬಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತದೆ. ಸತ್ತ ಜೇಡದ ಕಾಲುಗಳೆಲ್ಲ ಒಳಕ್ಕೆ ಮುದುಡಿರುವುದನ್ನು ತಾವೆಲ್ಲ ಕಂಡಿದ್ದೀರಿ. ಜೀವ ಹೋದ ಮೇಲೆ ಒತ್ತಡವೂ ಹೋಯಿತು. ಚಾಚುವ ಬಲ ಇಲ್ಲವಾಯಿತು. ಈ ಮಾತು ಹೇಳಿದಾಗ ಮಕ್ಕಳು ಗದ್ದಲ ನಿಲ್ಲಿಸಿ ಕೇಳಿದರು. ಮುದುಡಿದ ಜೇಡಗಳನ್ನು ಅವರೂ ಬೇಕಾದಷ್ಟು ಕಂಡಿದ್ದರು.

ಇನ್ನೊಬ್ಬ ಹುಡುಗನ ಜೇಡಕ್ಕೆ ಏಳೇ ಕಾಲು. ಒಂದನ್ನು ಮರೆತೆಯಾ ಎಂದು ಕೇಳಿದೆ. “ಇಲ್ಲ ಸಾರ್, ನಾನು ನೋಡಿದ್ದಕ್ಕೆ ಏಳೇ ಇತ್ತು,” ಎಂದ. ಅವನೂ ಸರಿಯೇ. ಶತ್ರುವಿನ ಹಿಡಿತಕ್ಕೆ ಸಿಕ್ಕಿದಾಗ ಜೇಡ ಕಾಲನ್ನು ಕಳಚಿಕೊಂಡು ಪಾರಾಗುವುದುಂಟು. ಎಳೆಯ ಜೇಡವಾದರೆ ಪೊರೆ ಬಿಡುವಾಗ ಕಾಲು ಮತ್ತೆ ಮೂಡುತ್ತದೆ. ಅಲ್ಲಿ ತೂಗುತ್ತಿರುವ ಏಳು ಕಾಲಿನ ಜೇಡವನ್ನು ಯಾರೂ ತಿದ್ದಬೇಡಿ.

ಮಾಡಿದ ಮೇಲೆ ಮತ್ತೆ ನೋಡುವುದು

‘ಕೈ ಮಾಡಿದ್ದನ್ನು ಕಾಲು ತುಳಿಯದು’ ಎಂದು ನಾನು ಹಿಂದೆ ಭಾಷಣಗಳಲ್ಲಿ ಹೇಳುತ್ತಿದ್ದೆ. ಅದು ಪೂರ್ತಿ ನಿಜವಲ್ಲ. ಒಂದು ಶಿಬಿರದಲ್ಲಿ ಮಕ್ಕಳು ಬಹಳ ಚೆಂದದ ಜೇಡಗಳನ್ನು ಮಾಡಿದರು. ಸಂಜೆ ಅದೇ ಮಕ್ಕಳಲ್ಲಿ ನಾಲ್ವರು ಶಾಲೆಯ ಹಿಂದಿನ ಬಲೆಯೊಂದನ್ನು ಕೋಲಿನಿಂದ ಸುತ್ತಿ ಕಿತ್ತು, ಜೇಡವನ್ನು ನೆಲಕ್ಕೆ ಕೆಡವಿ ತುಳಿದರು. ಕೈಯಲ್ಲಿ ತಾವು ಮಾಡಿದ ಕಾಗದದ ಜೇಡ ಹಾಗೆಯೇ ಇತ್ತು. ನನಗೆ ಅವರ ಮೇಲೆ ಸಿಟ್ಟು ಬರುವ ಮೊದಲೇ ನನ್ನ ಬಗ್ಗೆ ನಾಚಿಕೆಯಾಯಿತು. ಆಟಿಕೆಗೂ ಜೀವಕ್ಕೂ ನಡುವಿನ ಸೇತುವೆಯನ್ನು ನಾನು ಕಟ್ಟಿಯೇ ಇರಲಿಲ್ಲ.

ಆದ್ದರಿಂದ ಈಗ ಮೂರನೆಯ ದಿನ, ಕಾಗದದ ಜೇಡವನ್ನು ಕೈಯಲ್ಲಿ ಹಿಡಿದುಕೊಂಡೇ ಮತ್ತೆ ಗದ್ದೆಗೆ ಹೋಗುತ್ತೇವೆ. ಪ್ರತಿಯೊಬ್ಬರೂ ಒಂದು ಜೇಡವನ್ನು ಆರಿಸಿಕೊಂಡು ಅದರ ಮುಂದೆ ಕಾಲು ಗಂಟೆ ಕುಳಿತು ತಮ್ಮ ಜೇಡಕ್ಕೂ ಅದಕ್ಕೂ ಇರುವ ಅಂತರವನ್ನು ಬರೆಯಬೇಕು. ಮೊನ್ನೆ ಒಬ್ಬಳು ಬರೆದದ್ದನ್ನು ಓದುತ್ತೇನೆ: “ನನ್ನ ಜೇಡಕ್ಕೆ ದಾರ ನಾನು ಕೊಟ್ಟೆ. ಇದು ತನ್ನ ದಾರವನ್ನು ತಾನೇ ಮಾಡಿಕೊಳ್ಳುತ್ತದೆ. ನನ್ನದು ಹರಿದರೆ ನಾನು ಕಟ್ಟಬೇಕು. ಇದು ಹರಿದ ಬಲೆಯನ್ನು ತಿಂದು ಮತ್ತೆ ಕಟ್ಟುತ್ತದೆ.” ಚಕ್ರದಂತೆ ಬಲೆ ಕಟ್ಟುವ ಹಲವು ಜೇಡಗಳು ಹಳೆಯ ನೂಲನ್ನು ನುಂಗಿ, ಅದೇ ಸತ್ವದಿಂದ ಹೊಸ ನೂಲು ತೆಗೆಯುತ್ತವೆ ಎಂಬುದನ್ನು ನಾನು ಹೇಳಿರಲಿಲ್ಲ. ಅವಳು ಕುಳಿತು ನೋಡಿ ಬರೆದದ್ದು.

ನನ್ನ ಗದ್ದೆಯ ಕತೆ

ಈಗ ಆ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಇದರಿಂದ ಏನು ಉಳಿಯುತ್ತದೆ?

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಮನೆಯ ಗದ್ದೆಯಲ್ಲಿ ಎಲೆಸುರುಳಿ ಹುಳು ಕಾಣಿಸಿಕೊಂಡಿತು. ಅಂಥ ದೊಡ್ಡ ಹಾವಳಿಯೇನಲ್ಲ. ಆದರೂ ಹೆದರಿ, ಪೇಟೆಯಿಂದ ‘ಔಷಧ’ ತಂದು ಹೊಡೆದೆ. ನಾವು ವಿಷಕ್ಕೆ ಔಷಧ ಎಂದು ಹೆಸರಿಟ್ಟುಕೊಂಡವರಲ್ಲವೇ! ಎಲೆಸುರುಳಿ ಕಡಿಮೆಯಾಯಿತು. ಮರುದಿನ ಅಂಚಿನ ಮೇಲೆ ನಡೆದಾಗ ನೀರಿನ ಮೇಲೆ ಕಾಲು ಮುದುಡಿದ ಜೇಡಗಳು ತೇಲುತ್ತಿದ್ದವು. ಅದನ್ನು ಕಂಡೆ, ಆದರೆ ಅದರ ಅರ್ಥ ತಿಳಿಯಲಿಲ್ಲ. ಕೆಲವು ವಾರ ಕಳೆದ ಮೇಲೆ ಬತ್ತದ ಬುಡದಲ್ಲಿ ಕಂದು ಜಿಗಿಹುಳು ತುಂಬಿಕೊಂಡಿತು. ಬೆಂಕಿ ಬಿದ್ದಂತೆ ಗದ್ದೆ ಅಲ್ಲಲ್ಲಿ ದುಂಡಗೆ ಸುಟ್ಟು ಹೋಯಿತು. ಮತ್ತೆ ಹೊಡೆದೆ. ಮತ್ತಷ್ಟು ಹೆಚ್ಚಿತು. ಆ ವರ್ಷ ಆ ಗದ್ದೆಯಿಂದ ಮನೆಗೆ ಬಂದದ್ದು ಹೆಚ್ಚಾಗಿ ಹುಲ್ಲು.

ಕಾರಣ ಆಮೇಲೆ ತಿಳಿಯಿತು. ಜಿಗಿಹುಳು ತನ್ನ ಮೊಟ್ಟೆಗಳನ್ನು ಬತ್ತದ ಗಿಡದ ಅಂಗಾಂಶದೊಳಗೆ ಹುದುಗಿಸಿ ಇಡುತ್ತದೆ. ಹೊರಗಿನಿಂದ ಹೊಡೆದ ವಿಷ ಅವನ್ನು ಸುಲಭವಾಗಿ ಮುಟ್ಟುವುದಿಲ್ಲ. ಮುಟ್ಟುವುದು ಬುಡದಲ್ಲಿ ಓಡಾಡುವ ತೋಳ ಜೇಡವನ್ನು, ಬಲೆ ಕಟ್ಟುವ ಜೇಡಗಳನ್ನು, ಮೊಟ್ಟೆ ಹೀರುವ ತಿಗಣೆಗಳನ್ನು. ಮೊಟ್ಟೆಯೊಡೆದು ಮರಿಗಳು ಬಂದಾಗ ಗದ್ದೆಯಲ್ಲಿ ಅವನ್ನು ತಿನ್ನುವವರೇ ಇರುವುದಿಲ್ಲ. ಒಂದು ತೋಳ ಜೇಡ ದಿನಕ್ಕೆ 5ರಿಂದ 15 ಹುಳುಗಳನ್ನು ತಿನ್ನುತ್ತದೆ ಎಂದು ಬತ್ತದ ತಜ್ಞರು ಲೆಕ್ಕ ಹಾಕಿದ್ದಾರೆ. ಸಂಬಳ ಕೇಳದ ಆ ಕಾವಲುಗಾರರನ್ನು ಹಣ ಕೊಟ್ಟು ಕೊಂದವನು ನಾನು.

ಇದು ನನ್ನೊಬ್ಬನ ಕತೆಯಲ್ಲ. ಇಂಡೊನೇಷ್ಯಾ ದೇಶದಲ್ಲಿ 1970ರ ಮತ್ತು 80ರ ದಶಕಗಳಲ್ಲಿ ಸರಕಾರವೇ ಸಹಾಯಧನ ಕೊಟ್ಟು ಕೀಟನಾಶಕ ಹಂಚಿತು. ಕಂದು ಜಿಗಿಹುಳುವಿನ ಹಾವಳಿ ದೇಶದ ಅನ್ನಕ್ಕೇ ಕುತ್ತು ತಂದಿತು. ವಿಜ್ಞಾನಿಗಳ ಮಾತು ಕೇಳಿ 1986ರಲ್ಲಿ ಅಲ್ಲಿನ ಅಧ್ಯಕ್ಷರು ಬತ್ತದ ಮೇಲೆ 57 ಬಗೆಯ ಕೀಟನಾಶಕಗಳ ಬಳಕೆಯನ್ನು ನಿಷೇಧಿಸುವ ಆದೇಶ ಹೊರಡಿಸಿದರು. ಬಳಿಕ ಸಹಾಯಧನವೂ ನಿಂತಿತು. ನಂತರದ ವರ್ಷಗಳಲ್ಲಿ ಅಲ್ಲಿ ರೈತರ ಗದ್ದೆ ಶಾಲೆಗಳು ಆರಂಭವಾದವು. ಆ ಶಾಲೆಯಲ್ಲಿ ಪಾಠ ಹೇಗೆಂದು ಕೇಳಿದರೆ ನಮ್ಮ ಮಕ್ಕಳಿಗೆ ಖುಷಿಯಾದೀತು. ರೈತರು ಬೆಳಗ್ಗೆ ಗದ್ದೆಗೆ ಇಳಿದು ನೋಡುತ್ತಿದ್ದರು. ಆಮೇಲೆ ದೊಡ್ಡ ಕಾಗದ ಹಾಸಿ, ನಡುವೆ ಬತ್ತದ ಗಿಡ, ಒಂದು ಕಡೆ ಪೀಡೆಗಳು, ಇನ್ನೊಂದು ಕಡೆ ಜೇಡ ಮೊದಲಾದ ಮಿತ್ರಜೀವಿಗಳು ಎಂದು ಬಣ್ಣದ ಕಡ್ಡಿಗಳಿಂದ ಚಿತ್ರ ಬರೆಯುತ್ತಿದ್ದರು. ಎರಡೂ ಕಡೆಯ ಲೆಕ್ಕ ನೋಡಿ, ಸಿಂಪಡಿಸಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸುತ್ತಿದ್ದರು. ನೋಡುವುದು, ಮಾಡುವುದು, ಮತ್ತೆ ನೋಡುವುದು. ಬೆಳೆದ ರೈತರಿಗೆ ಸಲ್ಲುವ ಪಾಠ ಮಕ್ಕಳಿಗೆ ಸಲ್ಲದೇ?

ಲೋಕದ ಜೇಡಗಳೆಲ್ಲ ಸೇರಿ ವರ್ಷಕ್ಕೆ 40 ಕೋಟಿಯಿಂದ 80 ಕೋಟಿ ಟನ್ ತೂಕದ ಬೇಟೆಯನ್ನು ತಿನ್ನುತ್ತವೆ ಎಂದು 2017ರಲ್ಲಿ ಇಬ್ಬರು ವಿಜ್ಞಾನಿಗಳು ಅಂದಾಜು ಮಾಡಿದರು. ಅದರಲ್ಲಿ ಹೆಚ್ಚಿನ ಪಾಲು ಕೀಟಗಳೇ. ಹೆಸರಿಟ್ಟ ಜೇಡಗಳ ಪ್ರಭೇದಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ನಮ್ಮ ಘಟ್ಟದ ಕಾಡುಗಳಲ್ಲಿ ಇನ್ನೂ ಹೊಸ ಜೇಡಗಳು ಪತ್ತೆಯಾಗುತ್ತಲೇ ಇವೆ. ಹೆಸರಿಡುವ ಮೊದಲೇ ಕಾಡು ಕಡಿದರೆ, ಯಾರನ್ನು ಕಳೆದುಕೊಂಡೆವೆಂಬುದೂ ನಮಗೆ ತಿಳಿಯುವುದಿಲ್ಲ.

ಭಯದ ಮಾತು

ತಾಯಂದಿರು ಕೇಳುವ ಪ್ರಶ್ನೆ ಬೇರೆ: ಜೇಡ ಕಚ್ಚಿದರೆ? ಬಹುಪಾಲು ಎಲ್ಲ ಜೇಡಗಳಿಗೂ ಬೇಟೆಯನ್ನು ಅಲುಗದಂತೆ ಮಾಡುವ ವಿಷ ಇರುತ್ತದೆ. ಆದರೆ ಮನುಷ್ಯರಿಗೆ ಅಪಾಯ ತರಬಲ್ಲವು ತೀರ ಕೆಲವೇ. ಅವು ನಮ್ಮನ್ನು ಹುಡುಕಿಕೊಂಡು ಬಂದು ಕಚ್ಚುವುದಿಲ್ಲ. ಹಿಡಿದರೆ, ಅಮುಕಿದರೆ ಕಚ್ಚಬಹುದು. ರಸ್ತೆ ಬದಿಯ ಧರೆಗಳಲ್ಲಿ, ಜಂಬಿಟ್ಟಿಗೆಯ ಸಂದುಗಳಲ್ಲಿ ಬಿಲ ಮಾಡಿಕೊಂಡಿರುವ ಮೈತುಂಬ ರೋಮದ ದೊಡ್ಡ ಜೇಡಗಳಿವೆ. ಅವುಗಳಲ್ಲಿ ಕೆಲವು ಪಶ್ಚಿಮ ಘಟ್ಟವನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ. ಅವುಗಳ ಬಿಲಕ್ಕೆ ಕಡ್ಡಿ ಹಾಕಬೇಡಿ, ಬೆಂಕಿಯನ್ನೂ ಹಾಕಬೇಡಿ. ಕಚ್ಚಿ ಬಾವು, ಜ್ವರ ಬಂದರೆ ಮಂತ್ರಿಸುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

ಅಡುಗೆಮನೆಯ ಇಲ್ಲಣವನ್ನು ತೆಗೆಯಬಾರದೆಂದು ನಾನು ಹೇಳುತ್ತಿಲ್ಲ. ಹೊಗೆಗೆ ಕಪ್ಪಾಗಿ ಜೋತುಬಿದ್ದ ಹಳೆಯ ಬಲೆಯಲ್ಲಿ ಹೆಚ್ಚಾಗಿ ಯಾರೂ ವಾಸವಿರುವುದಿಲ್ಲ. ಪೊರಕೆ ಎತ್ತುವ ಮೊದಲು ಒಮ್ಮೆ ಕಣ್ಣೆತ್ತಿ ನೋಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ನಮ್ಮ ಹಿರಿಯರು ಈ ಜೀವಿಯನ್ನು ನೋಡದೆ ಇದ್ದವರಲ್ಲ. ಕನ್ನಡದಲ್ಲಿ ಜೇಡ ಎಂದರೆ ನೇಕಾರನೂ ಹೌದು. ನೇಯ್ಗೆಯ ಕಾಯಕದ ವಚನಕಾರರನ್ನು ನಾವು ಜೇಡರ ದಾಸಿಮಯ್ಯ ಎಂದೇ ಕರೆಯುತ್ತೇವೆ. ಶ್ರೀಕಾಳಹಸ್ತಿಯ ಸ್ಥಳಪುರಾಣದಲ್ಲಿ ಹಾವು, ಆನೆಗಳ ಜೊತೆ ಶಿವನನ್ನು ಪೂಜಿಸಿದ್ದು ಒಂದು ಜೇಡ. ಮುಂಡಕೋಪನಿಷತ್ತು ಸೃಷ್ಟಿಯನ್ನು ವಿವರಿಸಲು ನೂಲು ಬಿಡುವ ಜೇಡದ ಹೋಲಿಕೆಯನ್ನೇ ಆರಿಸಿಕೊಂಡಿತು. ಕುಳಿತು ನೋಡಿದವರಿಗೆ ಮಾತ್ರ ಇಂಥ ಹೆಸರು, ಇಂಥ ಹೋಲಿಕೆ ಹೊಳೆದಾವು.

ಕೊನೆಯದಾಗಿ

ಒಂದು ಕಾಗದದ ಜೇಡದಿಂದ ಕಾಡು ಉಳಿಯುವುದಿಲ್ಲ. ಅಷ್ಟು ದೊಡ್ಡ ಮಾತನ್ನು ನಾನು ಆಡಲಾರೆ. ಆದರೆ ಎಂಟು ಕಾಲುಗಳನ್ನು ಒಂದೊಂದಾಗಿ ಮಡಿಸಿದ ಮಗು, ನಾಳೆ ಗದ್ದೆಯ ನೀರಿನ ಮೇಲೆ ಕಾಲು ಮುದುಡಿದ ಜೇಡ ತೇಲುತ್ತಿದ್ದರೆ, ನನ್ನಂತೆ ಅರ್ಥವಾಗದೆ ದಾಟಿ ಹೋಗುವುದಿಲ್ಲ. ಮನೆಗೆ ಬಂದು, “ಅಪ್ಪಾ, ಏನು ಹೊಡೆದಿರಿ?” ಎಂದು ಕೇಳುತ್ತದೆ. ಆ ಒಂದು ಪ್ರಶ್ನೆ ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಕೇಳಿಬಂದಿದ್ದರೆ ನಮ್ಮ ಗದ್ದೆ ಸುಡುತ್ತಿರಲಿಲ್ಲ. ಹಿರಿಯರ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರ ಇಷ್ಟೇ.

ಹಾಗಾಗಿ ತಮ್ಮಲ್ಲಿ ಮೂರು ಬಿನ್ನಹ. ಗದ್ದೆಯಿರುವವರು ಈ ಸಾಲಿನಲ್ಲಿ ಒಂದು ಮಡಿಯನ್ನಾದರೂ ವಿಷ ಸೋಕದಂತೆ ಬಿಡಿ. ಔಷಧದ ಡಬ್ಬಿ ತೆಗೆಯುವ ಮೊದಲು ನಾಲ್ಕು ಬುಡ ಬಿಡಿಸಿ, ಹುಳುವೆಷ್ಟು, ಜೇಡವೆಷ್ಟು ಎಂದು ಎಣಿಸಿ. ಶಿಕ್ಷಕರು ಹಾಳೆಯ ಮೇಲಿನ ಚಿತ್ರವನ್ನು ನಕಲು ಮಾಡಿಸುವ ಮೊದಲು ಮಕ್ಕಳನ್ನು ಹೊರಗೆ ಕರೆದೊಯ್ಯಿರಿ. ಮಕ್ಕಳೇ, ನೀವು ನಿಮ್ಮ ಜೇಡವನ್ನು ಮನೆಗೆ ಒಯ್ದು ಜಗಲಿಯಲ್ಲಿ ತೂಗುಹಾಕಿ. ಮನೆಗೆ ಬಂದವರು ಕೇಳದೆ ಇರುವುದಿಲ್ಲ. ಕೇಳಿದವರಿಗೆ ದಾರ ಎಳೆದು ತೋರಿಸಿ. ಆಮೇಲೆ ಅವರ ಕೈ ಹಿಡಿದು ಗದ್ದೆಯ ಅಂಚಿಗೆ ಕರೆದುಕೊಂಡು ಹೋಗಿ, ನಿಜವಾದದ್ದನ್ನೂ ತೋರಿಸಿ.